ದೀಪ, ಹಣ್ಣೆಲೆ, ಬಯಲು: ಬಾಳಿನ ಇಳಿಗಾಲದ ಕನ್ನಡ ರೂಪಕಗಳು ಇಂಗ್ಲಿಷಿಗೆ ಸಾಗಿದ ಬಗೆ

ಸಾರಾಂಶ: ಪ್ರಾಣ ಕುಂದುವಿಕೆಯನ್ನು ಸೂಚಿಸುವ ಕನ್ನಡದ ರೂಪಕಗಳು ಶಾಸನಾನುವಾದ, ನಿಘಂಟು ಮತ್ತು ವಚನಾನುವಾದ ಎಂಬ ಮೂರು ಹಾದಿಗಳಲ್ಲಿ ಇಂಗ್ಲಿಷಿಗೆ ಸಾಗಿದ ಚರಿತ್ರೆಯನ್ನು ದಾವಣಗೆರೆ–ಹರಿಹರ ಪರಿಸರವನ್ನು ಆಧಾರವಾಗಿರಿಸಿಕೊಂಡು ಇಲ್ಲಿ ಪರಿಶೀಲಿಸಲಾಗಿದೆ. ರೂಪಕದ ವಸ್ತುವಿಗಿಂತ ಅದರ ಕ್ರಿಯಾಪದವೇ ಅನುವಾದದಲ್ಲಿ ಹೆಚ್ಚು ನಷ್ಟಕ್ಕೆ ಗುರಿಯಾಗುತ್ತದೆ ಎಂಬುದು ನಮ್ಮ ವಾದ.

1. ಪ್ರಶ್ನೆ

ಕ್ಷೀಣಿಸುತ್ತಿರುವ ವ್ಯಕ್ತಿಯನ್ನು ಕುರಿತು ಬಲ್ಗೇರಿಯನ್ ಭಾಷಿಕರು ‘ಗಾಸ್ನೆ ಕಾತೊ ಸ್ವೆಶ್ತ್’, ಅಂದರೆ ಮೇಣದಬತ್ತಿಯಂತೆ ಆರುತ್ತಿದ್ದಾನೆ, ಎನ್ನುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಸುಲಭವಾಗಿ ಒದಗುವ ‘ಫೇಡ್’ ಎಂಬ ಪದ ಬಣ್ಣ ಮಾಸುವುದನ್ನು ನೆನಪಿಸುತ್ತದೆಯೇ ಹೊರತು ಜ್ವಾಲೆಯನ್ನಲ್ಲ. ಕನ್ನಡದ ‘ದೀಪ ಆರಿತು’ ಎಂಬ ಮಾತಿಗೂ ಇದೇ ತೊಡಕು. ಆದರೆ ಕನ್ನಡದಲ್ಲಿ ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ.

2. ಶಾಸನ: ಏರುವ ಪ್ರಾಣ

ಹರಿದ್ರಾ ನದಿಯು ತುಂಗಭದ್ರೆಯನ್ನು ಕೂಡುವ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಅಲ್ಲಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ (1903), ದಾವಣಗೆರೆ ತಾಲ್ಲೂಕಿನ ಶಾಸನಗಳೊಡನೆ, ಇಂಗ್ಲಿಷ್ ಅನುವಾದಸಹಿತ ಪ್ರಕಟವಾದವು. ವೀರಗಲ್ಲುಗಳಲ್ಲಿ ಮರಣಕ್ಕೆ ಬಳಕೆಯಾಗುವ ‘ಸುರಲೋಕಪ್ರಾಪ್ತ’, ‘ಸ್ವರ್ಗಸ್ಥ’ ಮುಂತಾದ ಸೂತ್ರಪದಗಳನ್ನು ರೈಸ್ ಅವರು ‘ಸತ್ತನು’ ಎಂಬ ಬರಿಯ ಕ್ರಿಯೆಗೆ ಇಳಿಸಲಿಲ್ಲ. ದೇವಲೋಕವನ್ನು ಪಡೆದನೆಂಬ ಚಿತ್ರವನ್ನು ಬಹುಮಟ್ಟಿಗೆ ಉಳಿಸಿದರು. ‘ಸ್ವರ್ಗ’ ಎಂಬ ಪದವನ್ನು ಅನೇಕ ಕಡೆ ಹಾಗೆಯೇ ಇರಿಸಿದರು.

ಈ ಆಯ್ಕೆಯನ್ನು ಅಕ್ಷರಶಃ ಅನುವಾದವೆಂದು ಕಡೆಗಣಿಸಲಾಗದು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಇರುವುದು ವಾಡಿಕೆ. ಕಲ್ಲು ಕೆತ್ತಿ ತೋರಿಸಿದ್ದನ್ನೇ ಪದವೂ ಹೇಳುತ್ತದೆ. ರೂಪಕವನ್ನು ಬಿಟ್ಟರೆ ಬರಹಕ್ಕೂ ಶಿಲ್ಪಕ್ಕೂ ಇರುವ ಸಂಬಂಧವೇ ಕಡಿದುಹೋಗುತ್ತದೆ. ಇಲ್ಲಿ ಪ್ರಾಣ ಕುಂದುವುದಿಲ್ಲ, ಏರುತ್ತದೆ ಎಂಬುದೂ ಗಮನಾರ್ಹ. ಕುಂದುವ ಪ್ರಾಣದ ರೂಪಕಗಳನ್ನು ನಾವು ಹುಡುಕಬೇಕಾದುದು ಮನೆಮಾತಿನಲ್ಲಿ.

3. ನಿಘಂಟು: ಒಡೆದ ಕ್ರಿಯಾಪದ

ಮನೆಮಾತನ್ನು ಇಂಗ್ಲಿಷಿಗೆ ತಂದ ಮೊದಲಿಗರು ನಿಘಂಟುಕಾರರು. ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ, ಗಾದೆಗಳನ್ನೂ ಒಳಗೊಂಡ ಫರ್ಡಿನಾಂಡ್ ಕಿಟ್ಟೆಲ್ ಅವರ ಬೃಹತ್ ನಿಘಂಟು 1894ರಲ್ಲಿಯೂ ಹೊರಬಂದವು. ‘ಆರು’ ಎಂಬ ಕ್ರಿಯಾಪದವನ್ನು ನೋಡೋಣ. ದೀಪ ಆರುತ್ತದೆ; ಬಟ್ಟೆ ಆರುತ್ತದೆ; ಬಿಸಿ ಅನ್ನ ಆರುತ್ತದೆ; ಗಾಯವೂ ಆರುತ್ತದೆ. ಇಂಗ್ಲಿಷಿನಲ್ಲಿ ಇವು ನಾಲ್ಕು ಬೇರೆ ಕ್ರಿಯೆಗಳು. ನಿಘಂಟು ಇವನ್ನು ಬಿಡಿ ಅರ್ಥಗಳಾಗಿ ಸಾಲುಗೊಳಿಸಲೇಬೇಕು. ಆದರೆ ಕನ್ನಡಿಗರ ಕಿವಿಯಲ್ಲಿ ‘ದೀಪ ಆರಿತು’ ಎಂಬಲ್ಲಿ ನಂದುವಿಕೆಯೊಡನೆ ತಾಪ ತಣಿದ ಭಾವವೂ ಸುಳಿಯಬಲ್ಲದು. ಇಂಗ್ಲಿಷಿಗೆ ಸಾಗುವಾಗ ಉಳಿಯುವುದು ಕತ್ತಲೆ ಮಾತ್ರ.

‘ಹಣ್ಣೆಲೆ’ಯ ಸ್ಥಿತಿಯೂ ಇಂಥದೇ. ‘ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತಿತ್ತು’ ಎಂಬ ಗಾದೆಯಲ್ಲಿ ಎಲೆ ಹಣ್ಣಾಗಿದೆ. ಇಂಗ್ಲಿಷಿನಲ್ಲಿ ಎಲೆ ಹಳದಿಯಾಗುತ್ತದೆ, ಒಣಗುತ್ತದೆ, ಮಾಗುವುದಿಲ್ಲ. ‘ರೈಪ್’ ಎಂದರೆ ಪಕ್ವತೆಯ ಮೆಚ್ಚುಗೆ ಉಳಿದು ಬಳಲಿಕೆ ಹೋಗುತ್ತದೆ. ‘ವಿದರ್ಡ್’ ಎಂದರೆ ಬಳಲಿಕೆ ಉಳಿದು ಪಕ್ವತೆ ಹೋಗುತ್ತದೆ. ‘ಜೀವ ಹಣ್ಣಾಯಿತು’ ಎಂಬಲ್ಲಿ ಬಳಲಿಕೆಯೇ ಪ್ರಧಾನ.

ಇನ್ನೊಂದು ಬಗೆ ವಿಲೋಮೋಕ್ತಿಯದು. ದೀಪವನ್ನು ‘ಆರಿಸು’ ಎನ್ನಲು ಹಿಂಜರಿದು ‘ದೊಡ್ಡದು ಮಾಡು’ ಎನ್ನುವ, ಬಳೆ ಒಡೆದರೆ ‘ಹೆಚ್ಚಿತು’ ಎನ್ನುವ ರೂಢಿಯುಂಟು. ಕುಂದನ್ನು ವೃದ್ಧಿಯಾಗಿ ನುಡಿಯುವ ಇಂಥ ಮಾತನ್ನು ಪದಶಃ ಅನುವಾದಿಸಿದರೆ ಅರ್ಥ ತಲೆಕೆಳಗಾಗುತ್ತದೆ. ಅರ್ಥವನ್ನಷ್ಟೇ ಕೊಟ್ಟರೆ ನುಡಿಯಲು ಅಂಜಿದ್ದನ್ನೇ ನುಡಿದಂತಾಗುತ್ತದೆ.

4. ವಚನ: ಬಯಲು

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಚನಾನುವಾದಗಳು ಮೂರನೆಯ ಹಾದಿಯನ್ನು ತೆರೆದವು. ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ‘ಶೂನ್ಯಸಂಪಾದನೆ’ಯ ಇಂಗ್ಲಿಷ್ ಆವೃತ್ತಿಯನ್ನು ಹೊರತಂದಿತು, ಶೀರ್ಷಿಕೆಯನ್ನು ಅನುವಾದಿಸದೆ ಹಾಗೆಯೇ ಇಟ್ಟಿತು. ಎ. ಕೆ. ರಾಮಾನುಜನ್ ಅವರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಬಂದಿತು.

‘ಬಯಲಾಗು’ ಎಂಬುದಕ್ಕೆ ‘ವಾಯ್ಡ್’ ಎಂಬ ಪದವನ್ನು ಬಳಸಿದರೆ ಬರಿದಾದುದರ ಭಾವ ಬರುತ್ತದೆ. ದಾವಣಗೆರೆಯಂಥ ಬಯಲುಸೀಮೆಯ ಭಾಷಿಕನಿಗೆ ಬಯಲು ಎಂದರೆ ಮರೆಯಿಲ್ಲದ, ಬೆಳಕಿರುವ ನೆಲ. ಗುಟ್ಟು ಬಯಲಾಗುವುದೆಂದರೆ ಅದು ಎಲ್ಲರಿಗೂ ಕಾಣುವಂತಾಗುವುದು. ಹೀಗೆ ಬಾಳಿನ ಕೊನೆಯನ್ನು ಮರೆಯಾಗುವುದೆಂದಲ್ಲದೆ ಮರೆಯೇ ಇಲ್ಲವಾಗುವುದೆಂದು ಈ ಕ್ರಿಯಾಪದ ಹೇಳುತ್ತದೆ. ‘ಫೇಡ್’ ಎಂಬುದು ಇದಕ್ಕೆ ನೇರ ವಿರುದ್ಧ.

5. ಇಂದಿನ ಪ್ರಸಕ್ತಿ

ಈ ಚರ್ಚೆ ಸಾಹಿತ್ಯಕ್ಕಷ್ಟೇ ಸೀಮಿತವಲ್ಲ. 1965ರಿಂದ ವೈದ್ಯಕೀಯ ಕಾಲೇಜು ಇರುವ ದಾವಣಗೆರೆಯಲ್ಲಿ ಕನ್ನಡದಲ್ಲಿ ನುಡಿದ ಬಾಧೆ ಇಂಗ್ಲಿಷಿನಲ್ಲಿ ದಾಖಲಾಗುವುದು ಸಾಮಾನ್ಯ. ‘ಜೀವ ಹಣ್ಣಾಗೈತಿ’ ಎಂಬ ಮಾತು ದೇಹದ ನಿಶ್ಶಕ್ತಿಯೋ ಮನಸ್ಸಿನ ಖಿನ್ನತೆಯೋ ಎಂಬುದನ್ನು ಕೇಳಿಯೇ ತಿಳಿಯಬೇಕು. ರೂಪಕ ಎರಡನ್ನೂ ಬೇರ್ಪಡಿಸುವುದಿಲ್ಲ. ನ್ಯಾಯಾಲಯದಲ್ಲಿ ಪಣ ಇನ್ನೂ ದೊಡ್ಡದು. ತನ್ನ ಸಾವಿನ ಕಾರಣವನ್ನು ಕುರಿತು ಮೃತರು ನುಡಿದಿದ್ದ ಮಾತು 1872ರ ಸಾಕ್ಷ್ಯ ಅಧಿನಿಯಮದ 32ನೆಯ ಕಲಂ ಪ್ರಕಾರ, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೆಯ ಕಲಂ ಪ್ರಕಾರ, ಸುಸಂಗತ. ‘ನನ್ನ ದೀಪ ಆರಿತು’ ಎಂಬುದಕ್ಕೂ ‘ನನ್ನ ದೀಪ ಆರಿಸಿದರು’ ಎಂಬುದಕ್ಕೂ ಇರುವ ಅಂತರ ಒಂದು ಪ್ರೇರಣಾರ್ಥಕ ಪ್ರತ್ಯಯ ಮಾತ್ರ. ಎರಡಕ್ಕೂ ಪ್ರಾಣ ಕುಂದಿತು ಎಂಬರ್ಥದ ಒಂದೇ ಇಂಗ್ಲಿಷ್ ವಾಕ್ಯವನ್ನು ಕೊಟ್ಟರೆ ಕರ್ತೃವೇ ಮಾಯವಾಗುತ್ತಾನೆ.

6. ಸಮಾರೋಪ

ರೈಸ್ ಚಿತ್ರವನ್ನು ಉಳಿಸಿದರು, ನಿಘಂಟುಗಳು ಅರ್ಥವನ್ನು ಬಿಡಿಸಿದವು, ವಚನಾನುವಾದ ಕೆಲವೆಡೆ ಪದವನ್ನೇ ಉಳಿಸಿಕೊಂಡಿತು. ಒಂದೊಂದೂ ತನ್ನ ಪಠ್ಯಪ್ರಕಾರಕ್ಕೆ ತಕ್ಕ ಉತ್ತರ. ಯಾವುದೂ ಎಲ್ಲೆಡೆಗೆ ಸಲ್ಲುವ ನಿಯಮವಲ್ಲ. ಇನ್ನು ಮುಂದಿನ ದ್ವಿಭಾಷಾ ರೂಪಕಕೋಶಗಳು ದೀಪ, ಎಲೆ, ಬಯಲು ಎಂಬ ನಾಮಪದಗಳಡಿಯಲ್ಲಿ ಮಾತ್ರವಲ್ಲದೆ ಕ್ರಿಯಾಪದದ ಅರ್ಥವ್ಯಾಪ್ತಿ, ಅಕರ್ಮಕ–ಪ್ರೇರಣಾರ್ಥಕ ಭೇದ, ಏರುವ ಅಥವಾ ಇಳಿಯುವ ದಿಕ್ಕು, ವಿಲೋಮೋಕ್ತಿ ಎಂಬ ನಾಲ್ಕು ಅಂಶಗಳನ್ನು ಪ್ರತಿ ನಮೂದಿಗೂ ದಾಖಲಿಸುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಹರಿಹರದ ಶಾಸನಪಾಠಗಳನ್ನೂ ಇಂದಿನ ದಾವಣಗೆರೆಯ ಆಡುನುಡಿಯನ್ನೂ ಒಟ್ಟಿಗಿರಿಸಿ ಈ ಕಾರ್ಯವನ್ನು ಆರಂಭಿಸಬಹುದು.