ದತ್ತಕ: ವಂಶಕ್ಕಾಗಿಯೋ, ಮಗುವಿಗಾಗಿಯೋ?

ಜೀವಂಧರನ ಕಥೆಯನ್ನು ಬಲ್ಲವರಿಗೆ ವೈಶ್ಯಶ್ರೇಷ್ಠ ಗಂಧೋತ್ಕಟನ ಹೆಸರು ಹೊಸದಲ್ಲ. ಮಂತ್ರಿ ಕಾಷ್ಠಾಂಗಾರನ ದ್ರೋಹಕ್ಕೆ ಸತ್ಯಂಧರ ಮಹಾರಾಜನು ಬಲಿಯಾದಾಗ, ತುಂಬುಗರ್ಭಿಣಿಯಾದ ವಿಜಯಾದೇವಿಯು ಮಯೂರಯಂತ್ರವನ್ನೇರಿ ಬಂದು ಸ್ಮಶಾನದಲ್ಲಿ ಗಂಡುಮಗುವನ್ನು ಹೆತ್ತಳು. ತನ್ನ ಸತ್ತ ಕೂಸಿನ ಸಂಸ್ಕಾರಕ್ಕೆಂದು ಅಲ್ಲಿಗೆ ಬಂದಿದ್ದ ಗಂಧೋತ್ಕಟನು ಆ ಶಿಶುವನ್ನು ಎತ್ತಿಕೊಂಡು ಮನೆಗೆ ಹೋದನು. ಅವನ ಪತ್ನಿ ಸುನಂದೆ ಅದಕ್ಕೆ ತಾಯಿಯಾದಳು. ಮುಂದೆ ಅವಳಿಗೆ ನಂದಾಢ್ಯನೆಂಬ ಮಗನು ಹುಟ್ಟಿದ ಮೇಲೂ ಜೀವಂಧರನು ಆ ಮನೆಯ ಹಿರಿಯ ಮಗನಾಗಿಯೇ ಉಳಿದನು. ವಾದೀಭಸಿಂಹನ ಸಂಸ್ಕೃತ ಕೃತಿಗಳಿಂದ ಮೊದಲ್ಗೊಂಡು 1424ರಲ್ಲಿ ಭಾಸ್ಕರ ಕವಿ ರಚಿಸಿದ ಕನ್ನಡದ ‘ಜೀವಂಧರ ಚರಿತೆ’ಯವರೆಗೆ ಈ ಕಥೆಯನ್ನು ನಮ್ಮ ಹಿರಿಯರು ಭಕ್ತಿಯಿಂದ ಓದುತ್ತ, ಕೇಳುತ್ತ ಬಂದಿದ್ದಾರೆ. ಆದರೆ ಅದರೊಳಗೆ ಅಡಗಿರುವ ಪ್ರಶ್ನೆಯನ್ನು ನಾವು ಸಾಕಷ್ಟು ವಿಚಾರಿಸಿಲ್ಲ. ದತ್ತಕವೆಂಬುದು ಯಾರ ಹಿತಕ್ಕಾಗಿ?

ವೈದಿಕ ಧರ್ಮಶಾಸ್ತ್ರಗಳಲ್ಲಿ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಿದೆ. ಪಿತೃಗಳಿಗೆ ಪಿಂಡಪ್ರದಾನ ಮಾಡಲು ಪುತ್ರನು ಬೇಕು. ಔರಸಪುತ್ರನಿಲ್ಲದವನು ದತ್ತಪುತ್ರನನ್ನು ಪಡೆಯಬೇಕು. ಜೈನ ಸಿದ್ಧಾಂತಕ್ಕೆ ಇದು ಒಪ್ಪುವ ಮಾತಲ್ಲ. ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮದ ಫಲವನ್ನು ತಾನೇ ಉಣ್ಣಬೇಕು. ತಂದೆಯ ಸದ್ಗತಿ ಮಗನ ಕೈಯಲ್ಲಿಲ್ಲ. ಆದುದರಿಂದ ಜೈನರಲ್ಲಿ ದತ್ತಕವು ಪಾರಲೌಕಿಕ ಕ್ರಿಯೆಯಲ್ಲ, ಕೇವಲ ಲೌಕಿಕ ವ್ಯವಸ್ಥೆ.

ಈ ಭೇದವು ನ್ಯಾಯಾಲಯಗಳಲ್ಲಿ ದೊಡ್ಡ ಪರಿಣಾಮವನ್ನು ಉಂಟುಮಾಡಿತು. 1878ರಲ್ಲಿ ಶಿವಸಿಂಗ ರಾಯ್ ಮತ್ತು ದಾಖೋ ಅವರ ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಂದಿತು. ದೆಹಲಿ ಮತ್ತು ವಾಯವ್ಯ ಪ್ರಾಂತಗಳ ಸರಾವಗಿ ಅಗರವಾಲ ಜೈನರ ರೂಢಿಯಂತೆ, ಪುತ್ರಹೀನಳಾದ ವಿಧವೆಯು ಪತಿಯ ಅನುಮತಿಯಾಗಲಿ ದಾಯಾದಿಗಳ ಒಪ್ಪಿಗೆಯಾಗಲಿ ಇಲ್ಲದೆ ದತ್ತು ತೆಗೆದುಕೊಳ್ಳಬಹುದು, ಮಗಳ ಮಗನನ್ನೂ ಸ್ವೀಕರಿಸಬಹುದು ಎಂದು ಅಲ್ಲಿ ತೀರ್ಮಾನವಾಯಿತು. ಪತಿಯ ಸ್ವಯಾರ್ಜಿತ ಆಸ್ತಿಯ ಮೇಲೆ ಅವಳಿಗೆ ಪೂರ್ಣಾಧಿಕಾರವೂ ದೊರೆಯಿತು. ಆ ಕಾಲದ ಅನ್ಯ ಹಿಂದೂ ವಿಧವೆಯರಲ್ಲಿ ಬಹುಪಾಲು ಜನರಿಗೆ ಇಷ್ಟು ಸ್ವಾತಂತ್ರ್ಯವಿರಲಿಲ್ಲ.

ಜೈನರಿಗೆ ತಮ್ಮದೇ ಆದ ನೀತಿಗ್ರಂಥಗಳಿವೆ ಎಂಬುದನ್ನು ತೋರಿಸಲು ಜುಗಮಂದರಲಾಲ ಜೈನಿ 1916ರಲ್ಲಿಯೂ ಬ್ಯಾರಿಸ್ಟರ್ ಚಂಪತ್ ರಾಯ್ ಜೈನ್ 1926ರಲ್ಲಿಯೂ ಭದ್ರಬಾಹು ಸಂಹಿತೆಯೇ ಮೊದಲಾದ ಗ್ರಂಥಗಳ ಆಧಾರದಿಂದ ಜೈನ ಕಾನೂನಿನ ಕುರಿತು ಪುಸ್ತಕಗಳನ್ನು ಪ್ರಕಟಿಸಿದರು. 1927ರಲ್ಲಿ ವರದಿಯಾದ ತೀರ್ಪೊಂದರಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಜೈನಧರ್ಮವು ಹಿಂದೂಧರ್ಮದಿಂದ ಸಿಡಿದು ಬಂದ ಶಾಖೆಯಲ್ಲ, ಸ್ಮೃತಿಗಳಿಗಿಂತಲೂ ಪ್ರಾಚೀನವಾದುದು ಎಂದು ಅಭಿಪ್ರಾಯಪಟ್ಟರು. 1962ರಲ್ಲಿ ಮುನ್ನಾಲಾಲ್–ರಾಜಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಹ ಜೈನ ವಿಧವೆಯ ದತ್ತಕಾಧಿಕಾರದ ರೂಢಿಯನ್ನು ಎತ್ತಿಹಿಡಿಯಿತು.

ಇದು ನಾವು ಹೆಮ್ಮೆಪಡಬೇಕಾದ ಇತಿಹಾಸವೇ ಸರಿ. ಆದರೆ ಈ ವ್ಯಾಜ್ಯಗಳ ತಿರುಳೇನೆಂದು ನೋಡಿದರೆ ಒಂದು ಕಡೆ ವಿಧವೆ, ಇನ್ನೊಂದು ಕಡೆ ದಾಯಾದಿಗಳು, ನಡುವೆ ಆಸ್ತಿ. ಯಾವ ಮಗುವಿನ ಹೆಸರಿನಲ್ಲಿ ಇಷ್ಟೆಲ್ಲ ಹೋರಾಟ ನಡೆಯಿತೋ ಆ ಮಗುವಿನ ಹಿತವನ್ನು ಕುರಿತ ಮಾತು ಅಲ್ಲಿ ವಿರಳ. ಪಿಂಡದ ಹಂಗಿಲ್ಲದ ನಾವೂ ದತ್ತಕವನ್ನು ಆಸ್ತಿಯ ಹಂಗಿನಲ್ಲಿಯೇ ಇರಿಸಿದೆವು.

ಹೆಣ್ಣುಮಗುವಿನ ವಿಷಯದಲ್ಲಿ ಈ ವಿಪರ್ಯಾಸವು ಇನ್ನೂ ಸ್ಪಷ್ಟವಾಗುತ್ತದೆ. ಪಿಂಡ ಕೊಡಲು ಗಂಡೇ ಬೇಕೆನ್ನುವವರಿಗೆ ಒಂದು ಕಾರಣವಾದರೂ ಇತ್ತು. ಶ್ರಾವಕರಿಗೆ ಆ ಕಾರಣವೂ ಇರಲಿಲ್ಲ. ಆದರೂ ನಮ್ಮ ಮನೆಗಳು ಹುಡುಕಿದ್ದು ತಮ್ಮನ ಮಗನನ್ನು, ಇಲ್ಲವೆ ಮಗಳ ಮಗನನ್ನು. ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟನ್ನು ಅನುಸರಿಸುತ್ತಿದ್ದ ಜೈನ ಮನೆತನಗಳ ಮಾತು ಬೇರೆ. ಅಲ್ಲಿ ಸಂತಾನವು ಹೆಣ್ಣಿನಿಂದ ಮುಂದುವರಿಯುವುದರಿಂದ ಹೆಣ್ಣುಮಗುವಿನ ದತ್ತಕಕ್ಕೂ ಸ್ಥಾನವಿತ್ತು. ಆದರೆ ಅಲ್ಲಿಯೂ ಲಕ್ಷ್ಯವಿದ್ದುದು ಕುಟುಂಬದ ಮುಂದುವರಿಕೆಯ ಮೇಲೆಯೇ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಜೈನರಿಗೂ ಅನ್ವಯಿಸುತ್ತದೆ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೂ ಈ ಸ್ಥಿತಿ ಬದಲಾಗಿಲ್ಲ. ಈ ಅಧಿನಿಯಮವು ಹೆಣ್ಣುಮಗುವಿನ ದತ್ತಕಕ್ಕೆ ದೇಶದಾದ್ಯಂತ ಮಾನ್ಯತೆ ನೀಡಿತು; ವಿಧವೆಗೂ ಅವಿವಾಹಿತೆಗೂ ಸ್ವತಂತ್ರ ಹಕ್ಕನ್ನು ಕೊಟ್ಟಿತು. ಅನ್ಯ ರೂಢಿಯಿಲ್ಲದಿದ್ದರೆ ಮಗುವಿಗೆ 15 ವರ್ಷ ತುಂಬಿರಬಾರದು, ವಿವಾಹವಾಗಿರಬಾರದು. ದತ್ತಹೋಮವು ಅನಿವಾರ್ಯವಲ್ಲ, ಕೊಡುವ ಮತ್ತು ಪಡೆಯುವ ಕ್ರಿಯೆಯು ನಿಜವಾಗಿ ನಡೆದಿರಬೇಕು. ಅದಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಅಪರಾಧ. ಸಿಂಧುವಾಗಿ ನಡೆದ ದತ್ತಕವನ್ನು ಯಾರೂ ರದ್ದುಮಾಡಲಾಗದು. ಹಿಂದಿನ ಶಾಸ್ತ್ರಗಳಲ್ಲಿ, ಬಳಿಕ ಔರಸಪುತ್ರನು ಹುಟ್ಟಿದರೆ ದತ್ತಪುತ್ರನ ಪಾಲು ಕುಗ್ಗುತ್ತಿತ್ತು. ಈಗ ಅವರಿಬ್ಬರೂ ಸಮಾನರು. ಗಂಧೋತ್ಕಟನ ಮನೆಯ ನಡೆಯನ್ನು ಶಾಸನವು ಹೀಗೆ ತಡವಾಗಿ ಅನುಸರಿಸಿತು.

ಅನಾಥ ಹಾಗೂ ಪರಿತ್ಯಕ್ತ ಮಕ್ಕಳಿಗೆ ಬೇರೊಂದು ಮಾರ್ಗವಿದೆ. 2015ರ ಬಾಲನ್ಯಾಯ ಅಧಿನಿಯಮದಂತೆ ಇಚ್ಛಿಸುವ ದಂಪತಿಗಳು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. 2021ರ ತಿದ್ದುಪಡಿಯ ಬಳಿಕ ದತ್ತಕದ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿಗಳು ನೀಡುತ್ತಾರೆ.

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಕ್ಷೇತ್ರದ ಆವರಣದಲ್ಲಿ ಯಾರಾದರೂ ಕೂಸನ್ನು ಬಿಟ್ಟುಹೋದರೆ, ಮಕ್ಕಳಿಲ್ಲದ ಭಕ್ತರೊಬ್ಬರಿಗೆ ಅದನ್ನು ಒಪ್ಪಿಸಿಬಿಡುವುದು ಪುಣ್ಯಕಾರ್ಯವೆಂದು ತೋರಬಹುದು. ಕಾನೂನು ಅದನ್ನು ಒಪ್ಪದು. 24 ಗಂಟೆಗಳೊಳಗೆ ಸಹಾಯವಾಣಿ 1098ಕ್ಕೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ಹೆತ್ತವರು ಮರಳಿ ಬರಬಹುದು, ಮಗು ಕದ್ದುತಂದದ್ದಾಗಿರಬಹುದು. ಅಚೌರ್ಯವ್ರತವನ್ನು ಪಾಲಿಸುವವರಿಗೆ ಈ ಎಚ್ಚರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸತ್ಯವ್ರತದ ಮಾತು. ದತ್ತಕದ ಸಂಗತಿಯನ್ನು ಮಗುವಿನಿಂದ ಮರೆಮಾಚುವ ಮನೆಗಳು ಅನೇಕ. ಮದುವೆಯ ಹೊತ್ತಿಗೋ ಪಾಲುಪಟ್ಟಿಯ ಹೊತ್ತಿಗೋ ನೆಂಟರ ಬಾಯಿಂದ ಅದು ಹೊರಬಿದ್ದಾಗ ಆಗುವ ನೋವು ಸಣ್ಣದಲ್ಲ. ಜೀವಂಧರನಿಗೆ ವಿದ್ಯಾಭ್ಯಾಸ ಮುಗಿದ ಬಳಿಕ ಗುರು ಆರ್ಯನಂದಿಯೇ ಅವನ ಜನ್ಮವೃತ್ತಾಂತವನ್ನು ತಿಳಿಸಿದನು. ಕೋಪವನ್ನು ತಡೆದುಕೊಳ್ಳುವ ಸಂಯಮವನ್ನೂ ಜೊತೆಗೇ ಬೋಧಿಸಿದನು. ಪ್ರೀತಿಯಿಂದ, ಸಕಾಲದಲ್ಲಿ ಹೇಳಿದ ಸತ್ಯವು ಬಾಂಧವ್ಯವನ್ನು ಕೆಡಿಸುವುದಿಲ್ಲ.

ಜೀವದಯೆಯ ಹೆಸರಿನಲ್ಲಿ ನಮ್ಮ ಸಮಾಜವು ಗೋಶಾಲೆಗಳನ್ನೂ ಪಾಂಜರಪೋಳಗಳನ್ನೂ ಕಟ್ಟಿದೆ. ಅದು ಶ್ಲಾಘ್ಯ. ಆದರೆ ತೊಟ್ಟಿಲಲ್ಲಿ ಕಾಯುತ್ತಿರುವ ಮಗುವಿನ ಮುಂದೆ ನಿಂತಾಗ ಮಾತ್ರ ನಾವು ಅದರ ಕುಲವನ್ನು ಕೇಳುತ್ತೇವೆ, ಅದು ಗಂಡೋ ಹೆಣ್ಣೋ ಎಂದು ವಿಚಾರಿಸುತ್ತೇವೆ. ಮಗುವು ಪರಿಗ್ರಹದ ವಸ್ತುವಲ್ಲ, ನಮ್ಮ ಆಸ್ತಿಗೆ ಹಾಕುವ ಬೀಗವೂ ಅಲ್ಲ. ತನ್ನ ಕರ್ಮವನ್ನು ಹೊತ್ತು ತನ್ನ ಮುಕ್ತಿಯತ್ತ ನಡೆಯಬೇಕಾದ ಸ್ವತಂತ್ರ ಜೀವ. ಅದರ ದಾರಿಯಲ್ಲಿ ಕೆಲವು ವರ್ಷ ನೆರಳಾಗುವ ಅವಕಾಶವಷ್ಟೇ ನಮ್ಮದು. ಗಂಧೋತ್ಕಟನು ಸಲಹಿದ ಮಗು ವರ್ಧಮಾನ ಸ್ವಾಮಿಯ ಸನ್ನಿಧಿಯಲ್ಲಿ ದೀಕ್ಷೆ ಪಡೆದು ಮುಕ್ತಿಯನ್ನು ಸೇರಿತು. ಆ ವೈಶ್ಯನ ಆಸ್ತಿ ಯಾರ ಪಾಲಾಯಿತೆಂದು ಇಂದು ಯಾರೂ ಕೇಳುವುದಿಲ್ಲ.