ಗಾಯ ಮಾಡಲೆಂದೇ ಗುಂಡು ಸಣ್ಣದಾಯಿತೇ?

ದುರ್ಗದಬೈಲಿನ ಗಿರ್ಮಿಟ್ ಗಾಡಿಗಳ ಹತ್ತಿರ ಸಂಜೆ ಸೇರುವ ನಿವೃತ್ತ ಸೈನಿಕರ ಮಾತು ಬಂದೂಕಿನ ಕಡೆ ಹೊರಳಿದರೆ ಒಂದು ವಾದ ಬಂದೇ ಬರುತ್ತದೆ. ಹಳೆಯ ಎಸ್‌ಎಲ್‌ಆರ್ ರೈಫಲ್ಲಿನ 7.62 ಮಿಲಿಮೀಟರ್ ಗುಂಡು ಆಳನ್ನು ಕೆಡವುತ್ತಿತ್ತು, ಆಮೇಲೆ ಬಂದ ಇನ್ಸಾಸ್ ರೈಫಲ್ಲಿನ 5.56 ಬರೀ ಗಾಯ ಮಾಡುತ್ತದೆ, ಅದನ್ನು ಮಾಡಿದ್ದೇ ಅದಕ್ಕೆ. "ಸತ್ರ ಒಬ್ಬಾಂವ ಹೋದ. ಗಾಯಾದ್ರ ಅವನ್ನ ಹೊರಾಕ ಮತ್ತಿಬ್ರು ಬೇಕು. ಮೂರು ಮಂದಿ ಹೋದಂಗಾತು." ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ತಯಾರಾದವರು ಈ ಸೀಮೆಯಲ್ಲಿ ಬಹಳ ಮಂದಿ. ಬಂದೂಕು ಹಿಡಿದ ಕೈಗಳ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆದರೆ ಗುಂಡು ಹೇಗೆ ಬಡಿಯಿತೆಂದು ನೋಡಿದವನು ಹೇಳಬಲ್ಲ; ಅದನ್ನು ಯಾಕೆ ಹಾಗೆ ಮಾಡಿದರೆಂದು ಹೇಳಬೇಕಾದದ್ದು ಕಾಗದ. ಆ ಕಾಗದ ಎಲ್ಲಿದೆ?

ಮೊದಲು ಪುಸ್ತಕಗಳಿಗೆ ಹೋದೆ. ಗಾಯದ ಲೆಕ್ಕ ಹಲವು ಕಡೆ ಸಿಕ್ಕಿತು, ಆಧಾರ ಸಿಗಲಿಲ್ಲ. ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ, ಆ ಇನ್ನೊಬ್ಬರು 'ಎಲ್ಲರಿಗೂ ಗೊತ್ತಿರುವಂತೆ' ಎಂದು ಮುಗಿಸುತ್ತಾರೆ. ಹಿಂದಕ್ಕೆ ಹೋದಾಗ 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ ಎದುರಾಯಿತು. ಯುದ್ಧದಲ್ಲಿ ಶತ್ರುವಿನ ಆದಷ್ಟು ಹೆಚ್ಚು ಜನರನ್ನು ನಿಷ್ಕ್ರಿಯಗೊಳಿಸಿದರೆ ಸಾಕು ಎಂಬ ತತ್ತ್ವ ಅದರಲ್ಲಿದೆ. ಬೇರು ಇಲ್ಲೇ ಇದೆಯೆನಿಸಿ ಸ್ವಲ್ಪ ಹೊತ್ತು ಸಂತೋಷವಾಯಿತು. ಆದರೆ ಆ ಘೋಷಣೆ ತಡೆದದ್ದು 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಯುವ ಗುಂಡುಗಳನ್ನು. ವ್ಯಾಸದ ಮಾತೇ ಅಲ್ಲಿಲ್ಲ. ಆ ದಾರಿ ಅಲ್ಲಿಗೇ ಮುಚ್ಚಿತು.

ಮುಂದೆ ಸಿಕ್ಕ ದಾಖಲೆ ಇನ್ನೂ ಗೊಂದಲಕ್ಕೆ ಹಾಕಿತು. 1974ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ ಲುಸರ್ನ್‌ನಲ್ಲಿ ತಜ್ಞರನ್ನು ಸೇರಿಸಿದಾಗ, ಈ ಸಣ್ಣ, ಅತಿವೇಗದ ಗುಂಡಿನ ಗಾಯ ವಿಪರೀತ ಕ್ರೂರವೆಂಬ ದೂರು ಚರ್ಚೆಗೆ ಬಂದಿತ್ತು. ಒಂದೇ ಗುಂಡು ಒಬ್ಬರಿಗೆ ಮೆತ್ತಗೆ, ಇನ್ನೊಬ್ಬರಿಗೆ ಘೋರ. ಇಬ್ಬರೂ ಸುಳ್ಳಾಡುತ್ತಿಲ್ಲ ಎಂದಿಟ್ಟುಕೊಂಡರೆ ಏನಾಗುತ್ತದೆ? 5.56ರ ಗುಂಡಿನ ತೂಕ ಸುಮಾರು 4 ಗ್ರಾಂ. ದೇಹ ಹೊಕ್ಕಾಗ ವೇಗ ಸಾಕಷ್ಟಿದ್ದರೆ ಅದು ಅಡ್ಡಲಾಗಿ ತಿರುಗಿ ಒಡೆಯುತ್ತದೆ, ಗಾಯ ಭೀಕರವಾಗುತ್ತದೆ. ದೂರ ಹೋಗಿ ವೇಗ ಇಳಿದಿದ್ದರೆ, ಇಲ್ಲವೇ ನಳಿಗೆ ಗಿಡ್ಡವಾಗಿದ್ದರೆ, ಒಡೆಯದೆ ಸಣ್ಣ ತೂತು ಮಾಡಿ ಆಚೆ ಹೋಗಬಹುದು. ಹಾಗಾದರೆ ಎರಡು ಸಾಕ್ಷ್ಯಗಳ ನಡುವೆ ಇರುವುದು ಜಗಳವಲ್ಲ, ದೂರ. ಆದರೂ ಉದ್ದೇಶದ ಪ್ರಶ್ನೆ ಹಾಗೇ ಉಳಿಯಿತು.

ಉತ್ತರ ಸಿಕ್ಕಿದ್ದು ಅಮೆರಿಕದ ಸೇನೆಗಾಗಿ ತಯಾರಾದ 1952ರ ಎರಡು ವರದಿಗಳಲ್ಲಿ. ಅಬರ್ಡೀನ್‌ನ ಬ್ಯಾಲಿಸ್ಟಿಕ್ಸ್ ಪ್ರಯೋಗಾಲಯದ ಡೊನಾಲ್ಡ್ ಹಾಲ್ ಕೇಳಿಕೊಂಡ ಪ್ರಶ್ನೆ ಸರಳ: ಸೈನಿಕ ಹೊರುವ ರೈಫಲ್ ಮತ್ತು ಗುಂಡುಗಳ ಒಟ್ಟು ತೂಕ 15 ಪೌಂಡಿಗೆ, ಅಂದರೆ ಸುಮಾರು 6.8 ಕಿಲೋಗೆ ಮಿತಿಯಾದರೆ ಯಾವ ವ್ಯಾಸ ಮೇಲು? ಅವರ ಲೆಕ್ಕದಲ್ಲಿ 0.21 ಇಂಚಿನ ಸಣ್ಣ ಗುಂಡು, ಆಗಿನ 0.30 ಇಂಚಿನ ಎಂ1 ರೈಫಲ್ಲಿಗಿಂತ ಸುಮಾರು ಎರಡೂವರೆ ಪಟ್ಟು ಮುಂದೆ ಬಂತು. ಯಾವುದರಲ್ಲಿ ಮುಂದೆ ಎಂಬುದೇ ಮುಖ್ಯ. ಅವರು ಎಣಿಸಿದ್ದು ಗಾಯಾಳುಗಳನ್ನಲ್ಲ, ಸಾಯಬಹುದಾದ ಶತ್ರುಗಳನ್ನು. ಸಣ್ಣ ಗುಂಡು ಗೆದ್ದದ್ದು ಹಗುರಾದ್ದರಿಂದ. ಎಸ್‌ಎಲ್‌ಆರ್‌ನ 7.62×51ರ ಒಂದು ಕಾಡತೂಸು ಸುಮಾರು 24 ಗ್ರಾಂ, 5.56ರದ್ದು ಸುಮಾರು 12. ಅದೇ ಭಾರಕ್ಕೆ ಎರಡರಷ್ಟು ಗುಂಡು.

ಅದೇ ಸೇನೆ ಹೊಸ ಗುಂಡಿಗಾಗಿ ಮಾಡಿದ 1957ರ ಬೇಡಿಕೆ ಪಟ್ಟಿ ಉಳಿದ ಅನುಮಾನವನ್ನೂ ಕಳೆಯಿತು. ಹೊಸ ಗುಂಡು 500 ಗಜ ದೂರದಲ್ಲಿ ಉಕ್ಕಿನ ಹೆಲ್ಮೆಟ್ಟಿನ ಒಂದು ಬದಿಯನ್ನು ಕೊರೆಯಬೇಕು. ಗಾಯಗೊಳಿಸುವ ಶಕ್ತಿ ಎಂ1 ಕಾರ್ಬೈನಿಗೆ ಸಮನಾಗಿರಬೇಕು. ಗಾಯದ ಮಾತು ಅಲ್ಲಿ ನಿಜಕ್ಕೂ ಇದೆ. ಆದರೆ ಇಷ್ಟಾದರೂ ಇರಲಿ ಎಂದೇ ಹೊರತು ಇಷ್ಟೇ ಸಾಕು ಎಂದಲ್ಲ. ಹೆಲ್ಮೆಟ್ ಕೊರೆಯಬೇಕೆಂದು ಕೇಳುವವನು ಕೊಲ್ಲಬಾರದ ಗುಂಡನ್ನು ಕೇಳುತ್ತಿಲ್ಲ.

ಒಂದು ಎಚ್ಚರ ಬೇಕು. ಇದು 5.56 ಹುಟ್ಟಿದ ಕಾರಣಕ್ಕೆ ಸಾಕ್ಷಿಯೇ ಹೊರತು ಅದೇ ಶ್ರೇಷ್ಠವೆಂಬುದಕ್ಕಲ್ಲ. 1999ರ ಕಾರ್ಗಿಲ್ ಕಾಲದಲ್ಲಿ ಇನ್ಸಾಸ್ ಮೇಲೆ ಬಂದ ದೂರುಗಳನ್ನು ಬಿಡಿಸಿ ನೋಡಿದರೆ, ಚಳಿಗೆ ಬಿರಿದ ಮ್ಯಾಗಜೀನು, ನಡುವೆ ಸಿಕ್ಕಿಕೊಂಡ ಕಾಡತೂಸು ಇವು ಬಂದೂಕಿನ ದೋಷಗಳು, ವ್ಯಾಸದವಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ನಮ್ಮಲ್ಲಿ ಈ ಚರ್ಚೆ ಇಷ್ಟು ಕಲಸಿಹೋಗಿದೆ ಎಂದು ನನಗನಿಸುತ್ತದೆ. ಇನ್ಸಾಸ್ ನಂತರದ ಖರೀದಿಗಳನ್ನೇ ನೋಡಿ. ಭಾರತೀಯ ಸೇನೆ 2019ರಲ್ಲಿ 7.62×51ರ ಸಿಗ್ 716 ರೈಫಲ್ಲುಗಳನ್ನು 72,400ರಷ್ಟು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಇನ್ನೂ ಗಿಡ್ಡ ಕಾಡತೂಸಿನ, 7.62×39ರ ಎಕೆ-203ಗಳನ್ನು 6 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಅಮೇಠಿಯಲ್ಲಿ ತಯಾರಿಸಲು ರಷ್ಯಾದೊಂದಿಗೆ ಸಹಿ ಹಾಕಿತು. ಹೆಸರಿಗೆ ಎರಡೂ 7.62 ಆದರೂ ಒಂದರ ಕಾಡತೂಸು ಇನ್ನೊಂದಕ್ಕೆ ಹೊಂದದು, ದೂರಕ್ಕೆ ಹೋದಂತೆ ಎರಡರ ಕಸುವೂ ಬೇರೆ. ವ್ಯಾಸವೊಂದನ್ನೇ ಹಿಡಿದು ವಾದಿಸುವುದು ಇಲ್ಲಿ ಕುಸಿಯುತ್ತದೆ. ಕೇಳಬೇಕಾದ್ದು ಎಷ್ಟು ದೂರಕ್ಕೆ, ಎಷ್ಟು ಭಾರಕ್ಕೆ ಎಂದು.

1952ರ ಎರಡನೆಯ ವರದಿ ನಾರ್ಮನ್ ಹಿಚ್‌ಮನ್ ಅವರದು. ಅದರಲ್ಲಿ ಕೊರಿಯಾ ಯುದ್ಧದ 602 ಸೈನಿಕರನ್ನು ಕೇಳಿದ ವಿವರವಿದೆ. ಹಗಲಿನ ದಾಳಿಯಲ್ಲಿ ತಾವು ಹಾರಿಸಿದ ಗುಂಡುಗಳಲ್ಲಿ ಕಡೇಪಕ್ಷ ನೂರಕ್ಕೆ 95 ಹಾರಿದ್ದು 300 ಗಜದ ಒಳಗೇ ಎಂದರು ಅವರಲ್ಲಿ ಶೇಕಡಾ 87 ಮಂದಿ. ಅಂಥ ಒಂದು ಪ್ರಶ್ನೆಗೆ ನಮ್ಮ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ನಿವೃತ್ತ ಸೈನಿಕರೂ ಉತ್ತರಿಸಬಲ್ಲರು. ಎಷ್ಟು ದೂರದಿಂದ ಹಾರಿಸಿದಿರಿ, ಯಾವ ಬಂದೂಕಿನಿಂದ, ಏನು ಕಂಡಿರಿ: ದಯವಿಟ್ಟು ಬರೆದಿಡಿ. ಮನೆಯಲ್ಲಿ ಅಂಥವರಿದ್ದರೆ ಇವತ್ತೇ ಕೇಳಿ ಬರೆದುಕೊಳ್ಳಿ.