ಮಣ್ಣು ದಾರಿಯ ಮೋಟಾರ್ ಓಟ ಮತ್ತು ಹೆಣ್ಣುಮಕ್ಕಳು

ಮೋಟಾರ್ ರೇಸಿನಲ್ಲಿ ಹೆಂಗಸರಿಗೆಂದು ಬೇರೆ ದಾರಿ ಹಾಕುವ ಪದ್ಧತಿ ಹೆಚ್ಚಾಗಿ ಇಲ್ಲ. ಟೆನಿಸ್, ಈಜು, ಓಟ ಎಲ್ಲದರಲ್ಲೂ ಗಂಡಸರ ಪಂದ್ಯ ಬೇರೆ, ಹೆಂಗಸರ ಪಂದ್ಯ ಬೇರೆ. ಇಲ್ಲಿ ಎಲ್ಲರಿಗೂ ಒಂದೇ ರಸ್ತೆ, ಒಂದೇ ಗಡಿಯಾರ. ಮಹಿಳಾ ವಿಭಾಗಕ್ಕೆ ಪ್ರಶಸ್ತಿ ಇದ್ದರೂ ಅನೇಕ ರ್‍ಯಾಲಿಗಳಲ್ಲಿ ಅದೇ ಓಟದ ಸಮಯಪಟ್ಟಿಯಿಂದಲೇ ಅದನ್ನು ಹೆಕ್ಕುತ್ತಾರೆ. ಹಾಗಾಗಿ ಈ ಕ್ರೀಡೆಯಲ್ಲಿ ಹೆಣ್ಣುಮಕ್ಕಳ ಚರಿತ್ರೆಯೆಂದರೆ ಮುಖ್ಯವಾಗಿ ಆ ರಸ್ತೆಗೆ ಇಳಿಯಲು ಅವರಿಗೆ ಅವಕಾಶ ಸಿಕ್ಕಿದ, ಕೆಲವೊಮ್ಮೆ ತಪ್ಪಿದ ಚರಿತ್ರೆ.

ಅವಕಾಶ ತಪ್ಪಿದ್ದು ಶುರುವಿನಲ್ಲೇ. ಫ್ರಾನ್ಸಿನ ಕಮೀಲ್ ದು ಗಾಸ್ತ್ 1901ರ ಪ್ಯಾರಿಸ್–ಬರ್ಲಿನ್ ಓಟದಲ್ಲೂ 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲೂ ಕಾರು ಓಡಿಸಿದಳು. ಎರಡನೆಯದರಲ್ಲಿ ಸಾವುನೋವು ಹೆಚ್ಚಿ ಓಟವನ್ನು ಬೋರ್ಡೋದಲ್ಲೇ ನಿಲ್ಲಿಸಬೇಕಾಯಿತು. ದಾರಿಯಲ್ಲಿ ಗಾಯಗೊಂಡ ಸಹಸ್ಪರ್ಧಿಗೆ ನೆರವಾಗಲು ಆಕೆ ತನ್ನ ಕಾರು ನಿಲ್ಲಿಸಿ ಸಮಯ ಕಳೆದುಕೊಂಡಳು. ಮರುವರ್ಷ ಹೆಂಗಸರು ರೇಸಿಗೆ ಬರಕೂಡದೆಂಬ ನಿಷೇಧ ಬಂತು. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ವೇಗದ ಸ್ಪರ್ಧೆಗಳನ್ನು ಗೆಲ್ಲುತ್ತಿದ್ದ ಡೊರೊತಿ ಲೆವಿಟ್, ಕಾರು ಓಡಿಸುವ ಹೆಂಗಸರಿಗಾಗಿ 1909ರಲ್ಲಿ ಒಂದು ಪುಸ್ತಕ ಬರೆದಳು. ಹಿಂದೆ ಬರುವ ವಾಹನ ಕಾಣಲು ಕೈಗನ್ನಡಿಯೊಂದನ್ನು ಎತ್ತಿ ಹಿಡಿಯಿರಿ ಎಂಬ ಸಲಹೆ ಅದರಲ್ಲಿದೆ. ಕಾರುಗಳಿಗೆ ಹಿಂಗನ್ನಡಿ ರೂಢಿಗೆ ಬಂದದ್ದು ಅದರ ನಂತರ.

ಫಾರ್ಮುಲಾ ಒನ್‌ನಲ್ಲಿ ಮೊದಲ ಹೆಣ್ಣು ಇಟಲಿಯ ಮರಿಯಾ ತೆರೇಸಾ ದೆ ಫಿಲಿಪ್ಪಿಸ್, 1958ರಲ್ಲಿ. 1975ರಲ್ಲಿ ಸ್ಪೇನಿನ ಓಟ ಅರ್ಧಕ್ಕೆ ನಿಂತಾಗ ಆರನೆಯವಳಾಗಿದ್ದ ಲೆಲ್ಲಾ ಲೊಂಬಾರ್ದಿಗೆ ಅರ್ಧ ಅಂಕ ಸಿಕ್ಕಿತು. ವಿಶ್ವ ಚಾಂಪಿಯನ್‌ಷಿಪ್ ಫಾರ್ಮುಲಾ ಒನ್ ಓಟದಲ್ಲಿ ಹೆಣ್ಣೊಬ್ಬಳು ಗಳಿಸಿದ ಅಂಕ ಇಂದಿಗೂ ಅದೊಂದೇ. ಸುತ್ತುಪಥದ ರೇಸಿನ ಬಾಗಿಲು ಇಷ್ಟು ಇಕ್ಕಟ್ಟಾಗಿದ್ದಾಗ ರ್‍ಯಾಲಿಯ ಬಾಗಿಲು ಅಗಲವಾಗಿ ತೆರೆಯಿತು. ಫ್ರಾನ್ಸಿನ ಮಿಶೆಲ್ ಮುತೋ 1981ರಲ್ಲಿ ಸಾನ್ ರೆಮೊ ರ್‍ಯಾಲಿ ಗೆದ್ದಳು. ಮರುವರ್ಷ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಮೂರನ್ನೂ ಗೆದ್ದು ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವಳಾದಳು. ಆಡಿ ಕ್ವಾಟ್ರೊ ಕಾರಿನಲ್ಲಿ ಅವಳ ಪಕ್ಕ ಕೂತು ದಾರಿ ಹೇಳುತ್ತಿದ್ದವಳೂ ಹೆಣ್ಣೇ, ಇಟಲಿಯ ಫಾಬ್ರಿಝಿಯಾ ಪೋನ್ಸ್. 2001ರಲ್ಲಿ ಜರ್ಮನಿಯ ಯುಟ್ಟಾ ಕ್ಲೈನ್‌ಶ್ಮಿಟ್ ಡಾಕರ್ ರ್‍ಯಾಲಿಯ ಕಾರು ವಿಭಾಗವನ್ನೇ ಗೆದ್ದಳು.

ಭಾರತದಲ್ಲಿ ರೇಸು ಬೇರೂರಿದ್ದು ಎರಡನೇ ಮಹಾಯುದ್ಧ ಬಿಟ್ಟುಹೋದ ವಿಮಾನ ನೆಲೆಗಳ ಮೇಲೆ. ಮದ್ರಾಸಿನ ಬಳಿಯ ಶೋಲಾವರಂ ಅವುಗಳಲ್ಲಿ ಹೆಸರುವಾಸಿ. 1990ರ ಹೊತ್ತಿಗೆ ಅದರ ಜಾಗಕ್ಕೆ ಇರುಂಗಾಟುಕೋಟೆಯ ಟ್ರ್ಯಾಕ್ ಬಂತು, 2003ರಲ್ಲಿ ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ. ಟ್ರ್ಯಾಕು ಕೈಗೆಟಕುವ ದೂರದಲ್ಲಿದ್ದ ಊರಿನ ಹುಡುಗಿಯರಿಗೆ ಅದರ ಲಾಭವೂ ಸಿಕ್ಕಿತು. ಚೆನ್ನೈನ ಅಲಿಷಾ ಅಬ್ದುಲ್ಲಾ ಬೈಕ್ ರೇಸರ್ ತಂದೆಯ ಮಗಳು. ಚಿಕ್ಕಂದಿನಲ್ಲೇ ಗೋ-ಕಾರ್ಟ್ ಹತ್ತಿ, ಮುಂದೆ ಬೈಕು, ಕಾರು ಎರಡರಲ್ಲೂ ರೇಸು ಮಾಡಿದರು.

ಕರ್ನಾಟಕದ ಪಾಲಿಗೆ ಬಂದದ್ದು ಮಣ್ಣು ದಾರಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1970ರ ದಶಕದಿಂದ ನಡೆಸಿಕೊಂಡು ಬಂದ ಕೆ-1000 ರ್‍ಯಾಲಿ ದೇಶದ ಹಳೆಯ ರ್‍ಯಾಲಿಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳರಸ್ತೆಗಳು ಇನ್ನೊಂದು ಪಾಠಶಾಲೆ. ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳೂ ಅಲ್ಲಿ ನಡೆದಿವೆ. ಗಡಿಯಾಚೆ ಕಾಸರಗೋಡಿನ ಮೂಸಾ ಶರೀಫ್ ದೇಶದ ಅತ್ಯಂತ ಅನುಭವಿ ಸಹಚಾಲಕರಲ್ಲಿ ಒಬ್ಬರು. ಕಾರಿನ ರ್‍ಯಾಲಿಯಲ್ಲಿ ಸಹಚಾಲಕನ ಆಸನಕ್ಕೂ ಚಾಲಕನಷ್ಟೇ ತೂಕವಿದೆ. ಆ ಆಸನದಿಂದಲೇ ಈ ಕ್ರೀಡೆಗೆ ಕಾಲಿಟ್ಟ ಹೆಣ್ಣುಮಕ್ಕಳೂ ಉಂಟು.

ಅಂಥ ಮಣ್ಣು ದಾರಿಗಳ ಇನ್ನೊಂದು ಊರು ತುಮಕೂರು. ಅಲ್ಲಿ ಊರಿಂದ ಹೊರಬೀಳುವ ರಸ್ತೆಗಳ ಬಾಯಿಗೆ ಆ ರಸ್ತೆ ಹೋಗುವ ಊರಿನ ಹೆಸರೇ ಅಂಟಿಕೊಂಡಿದೆ: ಗುಬ್ಬಿ ಗೇಟ್, ಶಿರಾ ಗೇಟ್. ಬೆಂಗಳೂರಿನಿಂದ 70 ಕಿಲೋಮೀಟರ್ ಬಂದ ಹಳೆಯ ಪುಣೆ ಹೆದ್ದಾರಿ ಶಿರಾ ಗೇಟ್ ದಾಟಿ ಶಿರಾ, ಚಿತ್ರದುರ್ಗದ ಕಡೆಗೆ ಹೊರಳುತ್ತಿತ್ತು. ಹೆದ್ದಾರಿ ಬಿಟ್ಟು ಒಳಗೆ ಸರಿದರೆ ರಾಗಿ ಹೊಲ, ತೆಂಗಿನ ತೋಟ, ಕೆರೆ ಏರಿ, ಇವುಗಳ ನಡುವೆ ಕೆಂಪು ಮಣ್ಣಿನ ಗಾಡಿದಾರಿಗಳು. ಈಚಿನ ವರ್ಷಗಳಲ್ಲಿ ಕೆ-1000 ನಡೆದದ್ದು ತುಮಕೂರು ಸುತ್ತಿನ ಇಂಥ ದಾರಿಗಳಲ್ಲಿ.

ಇಂಥ ದಾರಿಯ ಓಟಕ್ಕೆ ಮುನ್ನ ಚಾಲಕಿಯೂ ಸಹಚಾಲಕಿಯೂ ಸಾಮಾನ್ಯ ಕಾರಿನಲ್ಲಿ ನಿಧಾನವಾಗಿ ದಾರಿಯನ್ನು ನೋಡಿಕೊಂಡು ಬರುತ್ತಾರೆ. ಚಾಲಕಿ ತಿರುವು ಕಂಡಂತೆ ಹೇಳುತ್ತಾ ಹೋಗುತ್ತಾಳೆ, ಪಕ್ಕದವಳು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ. ಓಟದ ದಿನ ಹೆಲ್ಮೆಟ್ಟಿನ ಇಂಟರ್‌ಕಾಮ್‌ನಲ್ಲಿ ಕೇಳುವುದು ಅದೇ ಪುಸ್ತಕ: ‘ಲೆಫ್ಟ್ ಫೋರ್, ಫಿಫ್ಟಿ, ಕ್ರೆಸ್ಟ್, ರೈಟ್ ಟು, ಡೋಂಟ್ ಕಟ್.’ ಎಡಕ್ಕೆ ಸಾಧಾರಣ ತಿರುವು, 50 ಮೀಟರ್ ನೇರ, ಆಚೆಬದಿ ಕಾಣದ ದಿಬ್ಬ, ಇಳಿದ ಕೂಡಲೇ ಬಲಕ್ಕೆ ಬಿಗಿ ತಿರುವು, ಒಳಬದಿಯಲ್ಲಿ ಕಲ್ಲೋ ಮೋಟು ಮರವೋ ಇದೆ, ಹತ್ತಿರ ಹೋಗಬೇಡ. ಅಂಕಿ ಚಿಕ್ಕದಾದಷ್ಟೂ ತಿರುವು ಬಿಗಿ ಎಂಬುದು ಹೆಚ್ಚಿನವರ ಲೆಕ್ಕ. ದಿಬ್ಬದ ಆಚೆ ಏನಿದೆ ಎಂದು ಕಣ್ಣಿಗೆ ಕಾಣುವ ಮೊದಲೇ ಸ್ಟೇರಿಂಗ್ ತಿರುಗಿರಬೇಕು. ಒಂದು ಸಾಲು ತಪ್ಪಿ ಓದಿದರೆ ಕಾರು ಹೊಲದಲ್ಲಿರುತ್ತದೆ. ತೋಳಿನ ಬಲಕ್ಕಿಂತ ಕಿವಿಯ ಮೇಲಿನ ನಂಬಿಕೆ ಇಲ್ಲಿ ದೊಡ್ಡದು. ಕಾರುಗಳನ್ನು ಒಂದರ ಹಿಂದೊಂದರಂತೆ ಬಿಡುವುದರಿಂದ ಮುನ್ನುಗ್ಗಿ ತಳ್ಳುವ ಮಾತೂ ಇಲ್ಲ.

ಈ ಮಣ್ಣಿನ ಪಾಠದಿಂದ ವಿಶ್ವ ಪ್ರಶಸ್ತಿ ತನಕ ಹೋದ ಕನ್ನಡನಾಡಿನ ಹೆಣ್ಣುಮಗಳು ಬೆಂಗಳೂರಿನ ಐಶ್ವರ್ಯಾ ಪಿಸ್ಸೆ. ಅವರ ವಾಹನ ಕಾರಲ್ಲ, ಬೈಕು. ಸಹಚಾಲಕಿಯೂ ಇಲ್ಲ. ದಾರಿಯ ಗುರುತುಗಳಿರುವ ಕಾಗದದ ಸುರುಳಿಯನ್ನು ಹ್ಯಾಂಡಲ್ ಮೇಲಿನ ಪೆಟ್ಟಿಗೆಯಲ್ಲಿಟ್ಟು, ಓಡಿಸುತ್ತಲೇ ಸುತ್ತಿಕೊಂಡು ಓದಬೇಕಿತ್ತು. 1995ರಲ್ಲಿ ಹುಟ್ಟಿದ ಅವರು 18ರ ಸುಮಾರಿಗೆ ವಾರಾಂತ್ಯದ ಸವಾರಿಗಳಿಂದ ಶುರುಮಾಡಿ, ಟಿವಿಎಸ್ ರೇಸಿಂಗ್ ತಂಡ ಸೇರಿ, ರಾಷ್ಟ್ರೀಯ ಮಟ್ಟದ ಮಹಿಳಾ ಪ್ರಶಸ್ತಿಗಳನ್ನು ಗೆದ್ದರು. 2017ರ ರೇಡ್ ದೆ ಹಿಮಾಲಯದಲ್ಲಿ ಬಿದ್ದು ಕೊರಳೆಲುಬು ಮುರಿಯಿತು. 2018ರಲ್ಲಿ ಸ್ಪೇನಿನ ಬಾಜಾ ಅರಗೋನ್‌ನಲ್ಲಿ ಇನ್ನೂ ಕೆಟ್ಟದಾಗಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಬಾಜಾ ಎಂದರೆ ಮರಳು, ಕಲ್ಲು, ಕುರುಚಲು ಬಯಲಿನಲ್ಲಿ ಕೆಲವೇ ದಿನಗಳಲ್ಲಿ ಮುಗಿಯುವ ಕ್ರಾಸ್-ಕಂಟ್ರಿ ಓಟ.

ಒಂದೇ ವರ್ಷದಲ್ಲಿ ಅವರು ಅದೇ ಸರಣಿಗೆ ಮರಳಿದರು. 2019ರ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದ (ಎಫ್‌ಐಎಂ) ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ದುಬೈನಲ್ಲಿ ಮೊದಲ ಸ್ಥಾನ, ಪೋರ್ಚುಗಲ್‌ನಲ್ಲಿ ಮೂರನೆಯದು, ತನ್ನನ್ನು ಕೆಡವಿದ್ದ ಸ್ಪೇನಿನಲ್ಲಿ ಐದನೆಯದು, ಆಗಸ್ಟ್‌ನಲ್ಲಿ ಹಂಗೇರಿಯ ವಾರ್ಪಾಲೊಟಾದಲ್ಲಿ ನಾಲ್ಕನೆಯದು. ಒಟ್ಟು 65 ಅಂಕ. ಪೋರ್ಚುಗಲ್‌ನ ರೀಟಾ ವಿಯೇರಾಗೆ 61. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರೆಂದು ಪತ್ರಿಕೆಗಳು ಅವರನ್ನು ಕೊಂಡಾಡಿದವು. ಅದೇ ಸುದ್ದಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಕಿರಿಯರ ವಿಭಾಗದಲ್ಲಿ 46 ಅಂಕಗಳೊಂದಿಗೆ ಎರಡನೇ ಸ್ಥಾನ, ಮುಂದಿದ್ದವನು 60 ಅಂಕಗಳ ಚಿಲಿಯ ತೊಮಾಸ್ ದೆ ಗವಾರ್ದೊ. ಕಿರಿಯರ ವಿಭಾಗದಲ್ಲಿ ಹುಡುಗರು ಹುಡುಗಿಯರು ಎಂಬ ಭೇದವಿಲ್ಲ. ಮಹಿಳಾ ಕಪ್ಪಿನ ಪಕ್ಕದಲ್ಲಿ ಮಂಕಾಗಿ ಹೋದ ಈ ಎರಡನೇ ಸ್ಥಾನ ಅದಕ್ಕಿಂತ ಕಡಿಮೆ ತೂಕದ್ದೇನಲ್ಲ. ಒಂದೇ ಗಡಿಯಾರದ ಕೆಳಗೆ ಓಡಿ ಗಳಿಸಿದ್ದು ಅದು.

ಮಹಿಳಾ ವಿಭಾಗ ಬೇಡವೆಂದು ಇದರರ್ಥವಲ್ಲ. ಈ ಕ್ರೀಡೆಗೆ ಹಣ ವಿಪರೀತ ಬೇಕು: ಕಾರಿನ ಒಳಗೆ ಉಕ್ಕಿನ ಕೊಳವೆಗಳ ಪಂಜರ, ಬೆಂಕಿ ತಡೆಯುವ ಉಡುಪು, ಕುತ್ತಿಗೆ ಕಾಯುವ ಪಟ್ಟಿ, ಟೈರು, ಮೆಕ್ಯಾನಿಕ್‌ಗಳು, ಫೆಡರೇಷನ್ನಿನ ಲೈಸೆನ್ಸ್. ಪ್ರಾಯೋಜಕರು ಹುಡುಕುವುದು ಗೆಲುವಿನ ಪಟ್ಟಿಯಲ್ಲಿ ಹೆಸರಿದ್ದವರನ್ನು. ನಲವತ್ತೈವತ್ತು ಕಾರುಗಳ ನಡುವೆ ಇಪ್ಪತ್ತನೆಯವಳಾದ ಹುಡುಗಿಗೆ ಮಹಿಳಾ ಕಪ್ಪೇ ಮುಂದಿನ ವರ್ಷದ ಖರ್ಚಿಗೆ ದಾರಿ. ಆ ಕಪ್ಪು ಮೊದಲ ಮೆಟ್ಟಿಲು. ಅದನ್ನೇ ಕೊನೆಯದೆಂದು ಎಣಿಸಿ ಸುದ್ದಿ ಬರೆದಾಗ ಮಾತ್ರ ಅವಳ ನಿಜವಾದ ಸಮಯ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ರ್‍ಯಾಲಿಯ ಕೊನೆಗೆ ಅಂಟಿಸುವ ಫಲಿತಾಂಶದ ಹಾಳೆಯಲ್ಲಿ ಈ ಎರಡೂ ಇರುತ್ತವೆ. ಮೇಲೆ ಎಲ್ಲ ಕಾರುಗಳ ಒಟ್ಟು ಪಟ್ಟಿ, ಗಂಟೆ, ನಿಮಿಷ, ಸೆಕೆಂಡು, ಸೆಕೆಂಡಿನ ಹತ್ತನೇ ಭಾಗದವರೆಗೆ. ಕೆಳಗೆ ವಿಭಾಗವಾರು ಹೆಸರುಗಳು. ಚಾಲಕಿಯರು ಬೆರಳಿಟ್ಟು ಹುಡುಕುವುದು ಮೇಲಿನ ಪಟ್ಟಿಯಲ್ಲಿ.